ಗ್ಲ್ಯಾಡಿಸಳಿಗಾಗಿ ರೈಲು ಹತ್ತಿದವರಿಗೆ

ಮಾನ್ಯ ಜೇನ್ ಮಾರ್ಪಲ್ ಅವರಿಗೆ,
ಸೇಂಟ್ ಮೇರಿ ಮೀಡ್, ಇಂಗ್ಲೆಂಡ್.



ನೀವು ಅಗಾಥಾ ಕ್ರಿಸ್ಟಿಯವರ ಪತ್ತೇದಾರಿ ಕಥೆಗಳ ಪುಟಗಳಲ್ಲಿ ಮಾತ್ರ ಬದುಕಿದವರು ಎಂಬುದು ನನಗೂ ಗೊತ್ತು, ಈ ಪತ್ರ ಓದುವವರಿಗೂ ಗೊತ್ತು. ಆದರೂ ನಿಮ್ಮ ಹೆಸರಿಗೇ ಬರೆಯುತ್ತಿದ್ದೇನೆ. ಕೊಡಗಿನ ಹಳ್ಳಿಯೊಂದರಲ್ಲಿ ಕೊಲೆಯ ಕಥೆ ಕಟ್ಟಬೇಕೆಂದು ಆಸೆಪಡುವ ಯಾರೇ ಆಗಲಿ, ಮೊದಲು ನೋಡುವುದು ನಿಮ್ಮ ಕಡೆಗೆ. ಹೆಣಿಗೆಯ ಕಡ್ಡಿ, ಉಣ್ಣೆಯ ಉಂಡೆ, ಹೂದೋಟ, ಚಹಾದ ಹೊತ್ತಿಗೆ ಬಂದು ಕೂರುವ ನೆರೆಹೊರೆ, ಓದುಕೋಣೆಯ ನೆಲಹಾಸಿನ ಮೇಲೊಂದು ಹೆಣ. ಇಷ್ಟನ್ನು ನಿಮ್ಮಿಂದ ಎರವಲು ತಂದು, ಮೇಲೆ ಒಂದಿಷ್ಟು ಮಂಜು ಸುರಿದರೆ ಕೊಡಗಿನ ಪತ್ತೇದಾರಿ ಕಾದಂಬರಿ ಸಿದ್ಧ ಎಂದುಕೊಳ್ಳುವವರಿದ್ದಾರೆ. ನಿಮ್ಮಿಂದ ತರಬೇಕಾದದ್ದು ಬೇರೆಯೇ ಇದೆ. ಅದನ್ನು ಹೇಳುವುದಕ್ಕೆ ಈ ಪತ್ರ.

ಮೊದಲು ಸಂತೋಷದ ಸುದ್ದಿ. ಬೆಂಗಳೂರಿನ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಇಂಗ್ಲಿಷಿನಲ್ಲಿ ಬರೆಯುತ್ತಿರುವ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ ಸರಣಿ 2022ರಲ್ಲಿ ಶುರುವಾಯಿತು. ಕಥೆ ಆರಂಭವಾಗುವುದು 1921ರಲ್ಲಿ, ಮೊದಲ ಮಹಾಯುದ್ಧ ಮುಗಿದು ಮೂರು ವರ್ಷಗಳಾದ ಮೇಲೆ. ಗಣಿತವೆಂದರೆ ಪ್ರಾಣ ಎನ್ನುವ ಕಾವೇರಿ, ಅವಳ ವೈದ್ಯ ಪತಿ ರಾಮು, ಕಂಟೋನ್ಮೆಂಟಿನ ದೊರೆಗಳು, ಅವರ ಮನೆಯ ಆಳುಗಳು ಎಲ್ಲರೂ ಅಲ್ಲಿದ್ದಾರೆ. 2025ರಲ್ಲಿ ಬಂದ ನಾಲ್ಕನೆಯ ಪುಸ್ತಕ ‘ಇನ್‌ಟು ದಿ ಲೆಪರ್ಡ್ಸ್ ಡೆನ್’ ಕಾವೇರಿಯನ್ನು ನಮ್ಮ ಕಾಫಿ ತೋಟಗಳಿಗೇ ಕರೆತರುತ್ತದೆ. ಹೀಗೆ ಮೊದಲ ಯುದ್ಧದ ನಂತರದ ಕೊಡಗಿಗೆ ಪತ್ತೇದಾರಿಣಿಯೊಬ್ಬಳು ಬಂದು ಹೋಗಿದ್ದಾಳೆ. ಎರಡನೆಯ ಯುದ್ಧದ ನಂತರದ ಕೊಡಗು, ಅಂದರೆ ನಿಮ್ಮ ಕಾಲದ ಕೊಡಗು, ಕನ್ನಡದ ಪತ್ತೇದಾರರಿಗೆ ಇನ್ನೂ ಕಾಯುತ್ತಿದೆ.

ಆ ಕಾಲದ ಕೊಡಗು ನಿಮಗೆ ಹೊಸದೆನ್ನಿಸುವುದಿಲ್ಲ. ನಿಮ್ಮ ಹಳ್ಳಿಗಳಲ್ಲಿ ಭಾರತದಿಂದ ಮರಳಿದ ಒಬ್ಬ ಕರ್ನಲ್ ಇದ್ದೇ ಇರುತ್ತಾರೆ. ನಮ್ಮಲ್ಲಿ ಬರ್ಮಾದಿಂದ, ಉತ್ತರ ಆಫ್ರಿಕಾದಿಂದ ಮರಳಿದವರು ಒಂದೊಂದು ಊರಿನಲ್ಲಿ ಹಲವರು. ಕೋದಂಡೇರ ಎಂಬ ಒಂದೇ ಮನೆಹೆಸರಿನಿಂದ ದೇಶಕ್ಕೆ ಇಬ್ಬರು ಸೇನಾ ಮುಖ್ಯಸ್ಥರು ಸಿಕ್ಕರು. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದ ಕಾರ್ಯಪ್ಪನವರು ಕೊನೆಗೆ ನೆಲೆಸಿದ್ದು ಮಡಿಕೇರಿಯ ‘ರೋಶನಾರ’ದಲ್ಲಿ. ಇನ್ನೊಬ್ಬರಾದ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಈಗ ವಸ್ತುಸಂಗ್ರಹಾಲಯ. ಮನೆಗಳಿಗೆ ಇಂಗ್ಲಿಷ್ ಹೆಸರಿಡುವುದು, ಊಟದ ಮೇಜಿಗೆ ಸರಿಯಾದ ಚಮಚ ಇಡುವುದು, ನಾಯಿಗಳ ವಂಶಾವಳಿ ತಿಳಿದಿರುವುದು, ಗುಲಾಬಿ ಗಿಡದ ಬಗ್ಗೆ ಪಕ್ಕದ ತೋಟದವರೊಡನೆ ಜಿದ್ದು ಸಾಧಿಸುವುದು ಇವೆಲ್ಲ ನಮ್ಮಲ್ಲೂ ಇದ್ದವು. ದೊರೆಗಳಲ್ಲಿ ಕೆಲವರು ತೋಟ ಮಾರಿ ಹಡಗು ಹತ್ತಿದ್ದರು, ಕೆಲವರು ಇನ್ನೂ ಇದ್ದರು. ಮಡಿಕೇರಿಯ ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ ಪ್ರಾರ್ಥನೆ ನಿಂತಿತ್ತು. ಅದೂ ಈಗ ಸರ್ಕಾರಿ ವಸ್ತುಸಂಗ್ರಹಾಲಯವೇ.

ಮೇಲಾಗಿ ಆಗ ಕೊಡಗು ಒಂದು ರಾಜ್ಯ. 1951ರ ಜನಗಣತಿಯಲ್ಲಿ ಸುಮಾರು 2.29 ಲಕ್ಷ ಜನ. ಅಷ್ಟೇ ಜನಕ್ಕೆ 24 ಸ್ಥಾನಗಳ ವಿಧಾನಸಭೆ, ಒಬ್ಬ ಮುಖ್ಯಮಂತ್ರಿ. 1952ರ ಚುನಾವಣೆಯಲ್ಲಿ ಸಿ.ಎಂ. ಪೂಣಚ್ಚನವರ ಕಾಂಗ್ರೆಸ್ ಒಂದು ಕಡೆ. ಮೈಸೂರಿನೊಡನೆ ವಿಲೀನ ಬೇಡ ಎಂದ ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಗುರುತಿನವರು ಇನ್ನೊಂದು ಕಡೆ. ಒಂದೇ ಒಕ್ಕದ, ಅಂದರೆ ಒಂದೇ ಮನೆತನದ, ಅಣ್ಣತಮ್ಮಂದಿರು ಎರಡು ಕಡೆ ನಿಂತ ಕಾಲ ಅದು. 1956ರ ನವೆಂಬರ್ 1ಕ್ಕೆ ಆ ರಾಜ್ಯವೇ ಇಲ್ಲವಾಯಿತು. ಹಳ್ಳಿಯ ಜಗಲಿಯಲ್ಲಿ ಕೂತವರ ನಡುವೆ ಮಾತಿಗೆ ಮಾತು ಬೆಳೆಯಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ನಿಮ್ಮಲ್ಲಿ ಯುದ್ಧ ಮುಗಿದು ಒಂಬತ್ತು ವರ್ಷ, 1954ರ ಜುಲೈವರೆಗೆ, ಪಡಿತರ ನಡೆಯಿತು. ಬೆಣ್ಣೆ ಕೊಟ್ಟು ಮೊಟ್ಟೆ ಪಡೆಯುವ ಸಣ್ಣಪುಟ್ಟ ಗುಟ್ಟುಗಳಿಂದಲೇ ನಿಮ್ಮ ಹಳ್ಳಿಗಳ ಬಾಗಿಲುಗಳು ಚಿಲಕವಿಲ್ಲದೆ ತೆರೆದಿರುತ್ತಿದ್ದವು. ನಮ್ಮ ಗುಟ್ಟು ಕಾಫಿಯದು. ಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿಹೋಗಿ, 1942ರ ಕಾಯ್ದೆಯ ಮೇರೆಗೆ ಕಾಫಿ ಬೋರ್ಡು ಬೆಳೆಯನ್ನೆಲ್ಲ ತನ್ನ ಪೂಲಿಗೆ ತೆಗೆದುಕೊಳ್ಳತೊಡಗಿತು. ಬೆಳೆದವರು ಪೂಲಿನ ಹೊರಗೆ ಮಾರಿಕೊಂಡರೆ ತಪ್ಪು. ಆ ಪದ್ಧತಿ ಪೂರ್ತಿ ಕರಗಿದ್ದು 1990ರ ದಶಕದಲ್ಲಿ. ರಾತ್ರಿಯ ಹೊತ್ತು ಕಣದಿಂದ ಹೊರಟ ನಾಲ್ಕು ಮೂಟೆ ಪಾರ್ಚ್‌ಮೆಂಟ್ ಕಾಫಿ, ಅದನ್ನು ಕಂಡ ತೋಟದ ಗುಮಾಸ್ತ, ಅಂದರೆ ರೈಟರ್, ಮರುದಿನದಿಂದ ರೈಟರನ ಮಾತಿನಲ್ಲಿ ಬಂದ ಹೊಸ ಧೈರ್ಯ. ಇಷ್ಟು ಸಿಕ್ಕರೆ ನೀವು ಎರಡು ಸಾಲು ಹೆಣೆಯುವುದರೊಳಗೆ ಉಳಿದದ್ದನ್ನು ಹೇಳಬಲ್ಲಿರಿ. ಇನ್ನು ಹಿಮ ಬಿದ್ದು ಹೊರದಾರಿ ಕಟ್ಟಿಹೋದ ಮನೆ ಬೇಕೆನ್ನುವವರಿಗೆ ನಮ್ಮ ಮುಂಗಾರು ಇದೆ. ಕಾವೇರಿ ಉಕ್ಕಿ ಭಾಗಮಂಡಲ ಜಲಾವೃತವಾದ ದಿನಗಳಲ್ಲಿ ಆಚೆಯ ಹಳ್ಳಿಗಳಿಗೆ ಪೊಲೀಸರಿಗೂ ಹೋಗಲಾಗುತ್ತಿರಲಿಲ್ಲ, ಡಾಕ್ಟರಿಗೂ ಹೋಗಲಾಗುತ್ತಿರಲಿಲ್ಲ.

ಆದರೆ ಇಲ್ಲಿ ಕೋವಿಯ ಸದ್ದಿನ ಲೆಕ್ಕ ಬೇರೆ. 1950ರ ‘ಎ ಮರ್ಡರ್ ಈಸ್ ಅನೌನ್ಸ್ಡ್’ ಕಾದಂಬರಿಯಲ್ಲಿ ಚಿಪಿಂಗ್ ಕ್ಲೆಗೊರ್ನ್ ಹಳ್ಳಿಯ ವಾರಪತ್ರಿಕೆ ಕೊಲೆಯೊಂದನ್ನು ಮುಂಚಿತವಾಗಿ ಸಾರುತ್ತದೆ. ಊರವರು ಒಂದೊಂದು ನೆಪ ಹೇಳಿಕೊಂಡು ಆ ಮನೆಗೆ ಬಂದು ಸೇರುತ್ತಾರೆ. ದೀಪ ಆರಿ ಗುಂಡು ಹಾರುತ್ತದೆ. ಕೊಡಗಿನಲ್ಲಿ ಸಾವನ್ನು ಸಾರುವುದೇ ಕೋವಿ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಬೆನ್ನುಬೆನ್ನಿಗೆ ಎರಡು. ಎರಡನೆಯ ಸದ್ದು ಕೇಳಿದ ಕೂಡಲೇ ಊರವರು ಕೈಯಲ್ಲಿದ್ದ ಕೆಲಸ ಬಿಟ್ಟು, ಸದ್ದು ಬಂದ ದಿಕ್ಕಿನ ಮನೆ ಯಾವುದೆಂದು ಲೆಕ್ಕ ಹಾಕಿ ಹೊರಡುತ್ತಾರೆ. ಅಲ್ಲಿಗೆ ಹೋದಮೇಲೆ ಯಾರೂ ಅತಿಥಿಗಳಲ್ಲ. ಸೌದೆ ಕಡಿಯುವವರು, ಬೇರೆ ಊರಿನ ನೆಂಟರಿಗೆ ಸುದ್ದಿ ಮುಟ್ಟಿಸುವವರು, ಗುಂಡಿ ತೋಡುವವರು ಎಂದು ಕೆಲಸ ತಾನಾಗಿ ಹಂಚಿಹೋಗುತ್ತದೆ. ಆಷಾಢದ ಮಳೆಯಲ್ಲಿ, ಗದ್ದೆಯ ಬದುವಿನ ಮೇಲೆ ನಿಂತು, ಒಂದನೆಯ ಸದ್ದಾದ ಮೇಲೆ ಎರಡನೆಯದು ಆಗುತ್ತದೋ ಇಲ್ಲವೋ ಎಂದು ಕಿವಿಗೊಟ್ಟವರಿಗೆ ಆ ಒಂದೆರಡು ಕ್ಷಣ ಎಷ್ಟು ಉದ್ದ ಎಂಬುದು ಗೊತ್ತು.

ಇಂಥ ಊರಿನಲ್ಲಿ ಗುಂಡು ಹಾರಿಸಿ ಕೊಲ್ಲಹೊರಟವನು ಎಷ್ಟು ಗುಂಡು ಹಾರಿಸಬೇಕು ಎಂಬುದನ್ನೂ ಯೋಚಿಸಬೇಕಾಗುತ್ತದೆ. ಒಂದಾದರೆ ಊರು ಮಗುವಿನ ಮನೆ ಯಾವುದೆಂದು ಕೇಳುತ್ತದೆ. ಎರಡಾದರೆ ಊರೇ ಅವನ ಬಾಗಿಲಿಗೆ ಬರುತ್ತದೆ. ಮನೆಮನೆಯಲ್ಲಿ ಕೋವಿ ಇರುವುದರಿಂದ ಕೋವಿ ಇರುವುದೊಂದು ಸುಳಿವೇ ಅಲ್ಲ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡಗಿನವರಿಗೆ ಕೊಟ್ಟ ವಿನಾಯಿತಿ ಮುಂದುವರಿಯುತ್ತ ಬಂದು, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಣೆಯಾಗಿದೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಕಿಲ್ಲ. ನಿಮ್ಮ ಇನ್‌ಸ್ಪೆಕ್ಟರ್ ಕ್ರ್ಯಾಡಕ್ ಇಲ್ಲಿ ಪಿಸ್ತೂಲು ಯಾರದೆಂದು ಹುಡುಕುತ್ತ ಕೂತರೆ ಕೆಲಸ ಸಾಗುವುದಿಲ್ಲ.

ಕೈಲ್‌ಮುಹೂರ್ತದ, ಅಂದರೆ ಆಯುಧಗಳನ್ನು ಪೂಜಿಸುವ ಹಬ್ಬದ, ದಿನ ಒಕ್ಕದ ಹಿರಿಮನೆಯಾದ ಒಂದು ಐನ್‌ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ನಿಮ್ಮನ್ನು ಕೂರಿಸಬೇಕೆಂದು ನನಗೆ ಬಹಳ ಆಸೆ. ಸೆಪ್ಟೆಂಬರಿನ ಮೊದಲ ದಿನಗಳು. ನಾಟಿ ಮುಗಿದಿರುತ್ತದೆ. ಕೋವಿಗಳನ್ನು ಒರೆಸಿ, ಗಂಧ ಹಚ್ಚಿ, ಸಾಲಾಗಿ ಒರಗಿಸಿಟ್ಟು, ನಳಿಗೆಯ ಬಾಯಿಗೆ ಒಂದೊಂದು ತೋಕ್ ಪೂ ಸಿಕ್ಕಿಸುತ್ತಾರೆ. ಬೆಂಕಿಯ ನಾಲಗೆಯ ಹಾಗೆ ಮೇಲಕ್ಕೆ ತಿರುಗಿದ ದಳಗಳು, ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು. ಬೇಲಿಗಳಲ್ಲಿ ತಾನಾಗಿ ಹಬ್ಬುವ ಬಳ್ಳಿ, ಎಲೆಯ ತುದಿ ಸುರುಳಿ ಸುತ್ತಿ ಪಕ್ಕದ ಗಿಡವನ್ನು ಹಿಡಿದುಕೊಂಡು ಮೇಲೇರುತ್ತದೆ. ಅಗ್ನಿಶಿಖೆ ಎಂಬ ಹೆಸರೂ ಇದೇ ಹೂವಿನದು. ಅದರ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ. ಅದು ಹೊಟ್ಟೆಗೆ ಹೋದವರಿಗೆ ತಕ್ಷಣ ಏನೂ ಆಗುವುದಿಲ್ಲ. ಗಂಟೆಗಳ ಮೇಲೆ ವಾಂತಿ ಭೇದಿ ಶುರುವಾಗುತ್ತದೆ. 1940ರ ದಶಕದ ಹಳ್ಳಿಯಲ್ಲಿ ಅದನ್ನು ಕಂಡವರು ಕಾಲರಾ ಎಂದೇ ತಿಳಿಯುತ್ತಿದ್ದರು. ಎರಡು ಮಹಾಯುದ್ಧಗಳಲ್ಲೂ ಆಸ್ಪತ್ರೆಯ ಔಷಧಾಲಯದಲ್ಲಿ ದುಡಿದ ನಿಮ್ಮ ಕ್ರಿಸ್ಟಿಯವರು ಈ ಹೂವನ್ನು ಕೋವಿಯ ಬಾಯಲ್ಲಿ ನೋಡಿದ್ದರೆ ಆ ವರ್ಷವೇ ಒಂದು ಪುಸ್ತಕ ಬರುತ್ತಿತ್ತು ಎಂದು ನಾನು ನಂಬಿದ್ದೇನೆ.

ಇಲ್ಲಿಯವರೆಗೆ ಹೇಳಿದ್ದು ಸಾಮಗ್ರಿಯ ಮಾತು. ಈಗ ಚಿಪಿಂಗ್ ಕ್ಲೆಗೊರ್ನ್‌ನಲ್ಲಿ ನೀವು ಇನ್‌ಸ್ಪೆಕ್ಟರಿಗೆ ಹೇಳಿದ ಒಂದು ವಿಷಯಕ್ಕೆ ಬರುತ್ತೇನೆ. ಯುದ್ಧಕ್ಕೆ ಮೊದಲು ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಿದ್ದರು. ಹೊಸಬರು ಬಂದರೆ ಪರಿಚಯದ ಕಾಗದ ತರುತ್ತಿದ್ದರು. ಈಗ ಎಲ್ಲೆಲ್ಲಿಂದಲೋ ಬಂದವರು ತಾವು ಯಾರೆಂದು ಹೇಳಿಕೊಳ್ಳುತ್ತಾರೋ ಅದನ್ನೇ ನಂಬಬೇಕಾಗಿದೆ. ಇದು ನಿಮ್ಮ ಅಳಲು. ಯುದ್ಧಾನಂತರದ ನಿಮ್ಮ ಹಲವು ಕಥೆಗಳು ನಿಂತಿರುವುದು ಈ ಭಯದ ಮೇಲೆಯೇ. ಪಕ್ಕದ ಮನೆಯವರು ನಿಜಕ್ಕೂ ಅವರೇನಾ?

ಕೊಡಗಿನಲ್ಲಿ ಈ ಭಯಕ್ಕೆ ಜಾಗವೇ ಇರಲಿಲ್ಲ. ಇಲ್ಲಿ ಹೊಸಬರ ಮುಖ ಕಂಡ ಕೂಡಲೇ ಬರುವ ಪ್ರಶ್ನೆ, ಯಾವ ಒಕ್ಕ? ಮನೆಹೆಸರು ಹೇಳಿದರೆ ಊರು, ನಾಡು, ತಾಯಿಯ ಮನೆ, ಅಜ್ಜನ ಜಗಳ ಎಲ್ಲವೂ ಕೇಳಿದವರ ನಾಲಗೆಯ ತುದಿಗೆ ಬರುತ್ತವೆ. ಬೇರೊಬ್ಬನ ಹೆಸರು ಹೊತ್ತು ಬಂದವನು ಮೊದಲ ಮದುವೆಮನೆಯಲ್ಲೇ ಸಿಕ್ಕಿಬೀಳುತ್ತಾನೆ. ಉಯಿಲಿಗಾಗಿ ಚಿಕ್ಕಪ್ಪನನ್ನು ಕೊಲ್ಲುವ ನಿಮ್ಮ ಕಡೆಯ ಹಳೆಯ ದಾರಿಯೂ ಇಲ್ಲಿ ಸುಲಭವಲ್ಲ. ಜಮ್ಮಾ ಜಮೀನು ಇಡೀ ಒಕ್ಕಕ್ಕೆ ಸೇರಿದ್ದು. ಆ ಕಾಲದಲ್ಲಿ ಅದನ್ನು ಮಾರಲೂ ಬರುತ್ತಿರಲಿಲ್ಲ. ಚಿಕ್ಕಪ್ಪ ಸತ್ತರೆ ಪಟ್ಟೆ ಇನ್ನೊಬ್ಬ ಹಿರಿಯನಿಗೆ ಹೋಗುತ್ತಿತ್ತು, ಅಷ್ಟೆ. ಸ್ವಂತಕ್ಕೆ ಕೊಂಡ ಕಾಫಿ ತೋಟಕ್ಕೆ ಈ ಮಾತು ಹೊಂದುವುದಿಲ್ಲವೆನ್ನಿ.

ಆದರೆ ‘ಯಾವ ಒಕ್ಕ’ ಎಂದು ಯಾರೂ ಕೇಳದ ಜನ ಅದೇ ತೋಟದಲ್ಲಿದ್ದರು. ಲೈನ್ ಮನೆಗಳಲ್ಲಿ. ನಿಮ್ಮನ್ನು ಕರೆಯುತ್ತಿರುವುದು ಅಲ್ಲಿಗೆ.

ಲೈನ್ ಎಂದರೆ ಒಂದೇ ಗೋಡೆ ಹಂಚಿಕೊಂಡ ಕೋಣೆಗಳ ಸಾಲು. ಒಂದು ಬಾಗಿಲು, ಒಂದು ಒಲೆ, ಸೂರಿನ ಕೆಳಗೆ ಕಟ್ಟಿದ ತಂತಿಯ ಮೇಲೆ ಒಣಗದ ಕಂಬಳಿ. ಮೈಸೂರು ಸೀಮೆಯಿಂದ, ತಮಿಳು ನಾಡಿನಿಂದ, ಮಲಬಾರಿನಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಕರೆತಂದ ಆಳುಗಳು ಅಲ್ಲಿದ್ದರು. ಅವರಿಗಿಂತ ಮೊದಲಿನಿಂದಲೂ ಈ ನೆಲದಲ್ಲಿದ್ದ ಎರವರು, ಕುರುಬರು, ಪಣಿಯರು ಇದ್ದರು. ಗದ್ದೆಯೊಡನೆ ಆಳುಗಳೂ ಕೈ ಬದಲಾದ ಚರಿತ್ರೆ ಅವರದು. 1843ರ ಕಾಯ್ದೆ ಗುಲಾಮಗಿರಿಗೆ ನ್ಯಾಯಾಲಯದ ಮಾನ್ಯತೆಯನ್ನು ತೆಗೆದುಹಾಕಿತು, ಆದರೆ ಮುಂಗಡದ ಸಾಲವನ್ನು ಮುಟ್ಟಲಿಲ್ಲ. ಪಕ್ಕದ ವಯನಾಡಿನ ವಳ್ಳಿಯೂರ್‌ಕಾವಿನ ಜಾತ್ರೆಯಲ್ಲಿ, ದೇವಿಯ ಎದುರು, ವರ್ಷದ ಆಳುಗಳನ್ನು ಗೊತ್ತುಮಾಡಿಕೊಳ್ಳುವ ಪದ್ಧತಿ ಸ್ವಾತಂತ್ರ್ಯ ಬಂದ ಮೇಲೂ ನಡೆದಿತ್ತು. ದೇವರ ಮುಂದೆ ಒಪ್ಪಿದ್ದನ್ನು ಮುರಿಯುವ ಧೈರ್ಯ ಯಾರಿಗೂ ಇರಲಿಲ್ಲ.

ದಕ್ಷಿಣ ಕೊಡಗಿನ ಒಂದು ತೋಟದಲ್ಲಿ ಹಳೆಯ ಗೋದಾಮು ಕೆಡವುವಾಗ ಸಿಕ್ಕ ಆಳುಗಳ ಹಾಜರಿಯ ಚೆಕ್‌ರೋಲ್ ಪುಸ್ತಕವನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. 1950ರ ದಶಕದ್ದು. ಅಗಲ ಕಡಿಮೆ, ಉದ್ದ ಹೆಚ್ಚು. ರಟ್ಟಿನ ಮೇಲಿನ ಬಟ್ಟೆ ಕಿತ್ತುಬಂದಿತ್ತು, ಹಾಳೆಗಳ ಅಂಚನ್ನು ಹುಳು ತಿಂದಿತ್ತು. ಎಡಕ್ಕೆ ಹೆಸರುಗಳು, ಒಬ್ಬೊಬ್ಬರಿಗೆ ಒಂದೇ ಪದ, ತಂದೆಯ ಹೆಸರಿಲ್ಲ, ಊರಿಲ್ಲ. ಪಕ್ಕದಲ್ಲಿ ತಿಂಗಳ ದಿನಗಳಿಗೆ ಮನೆಗಳು. ಪೂರ್ತಿ ದಿನಕ್ಕೆ ಒಂದು ಗೀಟು, ಅರ್ಧ ದಿನಕ್ಕೆ ಅರ್ಧ ಗೀಟು. ಬಲಕ್ಕೆ ಅಕ್ಕಿ, ಕಂಬಳಿ, ಮುಂಗಡ, ಬಾಕಿ. ಕೊನೆಯ ಮನೆಯಲ್ಲಿ ನೇರಳೆ ಬಣ್ಣದ ಹೆಬ್ಬೆಟ್ಟುಗಳು. ಜುಲೈ ತಿಂಗಳ ಹಾಳೆಯಲ್ಲಿ ಒಬ್ಬ ಹೆಂಗಸಿನ ಗೀಟುಗಳು ಎರಡನೆಯ ವಾರದ ನಡುವೆ ನಿಂತುಹೋಗಿದ್ದವು. ಉಳಿದ ಮನೆಗಳ ಮೇಲೆ ಕೆಂಪು ಶಾಯಿಯಲ್ಲಿ ಒಂದೇ ಮಾತು: ಸತ್ತಳು. ಏನಾಗಿ ಸತ್ತಳು, ಯಾರು ಕಂಡರು, ಎಲ್ಲಿ ಮಣ್ಣು ಮಾಡಿದರು, ಯಾವುದೂ ಇಲ್ಲ. ಆದರೆ ಅವಳ ಬಾಕಿಯ ಅಂಕಿ ಮಾತ್ರ ಆಣೆ ಪೈ ಸಹಿತ ಕೆಳಗಿನ ಸಾಲಿಗೆ ಇಳಿದಿತ್ತು, ಅವಳ ಮಗನ ಹೆಸರಿನ ಎದುರಿಗೆ. ಕೂಡಿಸಿದ್ದು ಸರಿಯಾಗಿದೆಯೇ ಎಂದು ಯಾರೋ ಪೆನ್ಸಿಲಿನಲ್ಲಿ ಮತ್ತೊಮ್ಮೆ ಲೆಕ್ಕ ನೋಡಿದ್ದರು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವಳ ಮೊಮ್ಮಕ್ಕಳು ಈಗಲೂ ಹತ್ತಿರದಲ್ಲೇ ಇದ್ದಾರೆ, ಹೇಳುವುದಾದರೆ ಅವರು ಹೇಳಬೇಕು.

ಅದು ಕೊಲೆಯೆಂದು ನಾನು ಹೇಳುತ್ತಿಲ್ಲ. ಚಳಿಜ್ವರವಿರಬಹುದು, ಹೆರಿಗೆಯಿರಬಹುದು, ಮರ ಬಿದ್ದಿರಬಹುದು, ಹಾವಿರಬಹುದು. ನನ್ನನ್ನು ಕಾಡುವುದು ಬೇರೆ. ಯಾರಾದರೂ ಅವಳನ್ನು ಕೊಂದಿದ್ದರೂ ಆ ಪುಸ್ತಕದಲ್ಲಿ ಇದೇ ಒಂದು ಪದ ಇರುತ್ತಿತ್ತು. ಅವಳ ಸಾವಿಗೆ ಎರಡು ಗುಂಡು ಹಾರಿರಲಾರದು. 1951ರಲ್ಲೇ ತೋಟ ಕಾರ್ಮಿಕರ ಕಾಯ್ದೆ ಬಂದಿತ್ತು. ಕನಿಷ್ಠ 25 ಎಕರೆಯೂ 30 ಜನ ಕೆಲಸಗಾರರೂ ಇರುವ ತೋಟಗಳಲ್ಲಿ ಮನೆ, ಕುಡಿಯುವ ನೀರು, ವೈದ್ಯಸೌಕರ್ಯ ಕೊಡಬೇಕೆಂದು ಅದು ಹೇಳಿತು. ಜೀತವನ್ನು ರದ್ದುಮಾಡಿದ ಸುಗ್ರೀವಾಜ್ಞೆ 1975ರ ಅಕ್ಟೋಬರಿನಲ್ಲಿ ಬಂದು, ಕಾಯ್ದೆಯಾದದ್ದು 1976ರ ಫೆಬ್ರವರಿ 9ರಂದು. ನಿಮ್ಮ ಕ್ರಿಸ್ಟಿಯವರು ತೀರಿಕೊಂಡು ಆಗ ಇನ್ನೂ ತಿಂಗಳು ತುಂಬಿರಲಿಲ್ಲ. ನೀವು ಹಳ್ಳಿಯ ಕೊಲೆಗಳನ್ನು ಬಿಡಿಸುತ್ತಿದ್ದ ಅಷ್ಟೂ ವರ್ಷ ಈ ಬಾಕಿಯ ಸಾಲುಗಳು ತಾಯಿಯಿಂದ ಮಗನಿಗೆ ಇಳಿಯುತ್ತಲೇ ಇದ್ದವು. ಲೈನ್ ಬಿಟ್ಟು ತಮ್ಮದೊಂದು ಸೂರು ಬೇಕೆಂದು ಹೊರಬಂದವರ ಐನೂರಕ್ಕೂ ಹೆಚ್ಚು ಗುಡಿಸಲುಗಳನ್ನು ಇಲ್ಲಿನ ದಿಡ್ಡಳ್ಳಿಯಲ್ಲಿ ಕೆಡವಿದ್ದು 2016ರ ಡಿಸೆಂಬರಿನಲ್ಲಿ.

ನಿಮ್ಮನ್ನೇ ಯಾಕೆ ಕರೆಯುತ್ತಿದ್ದೇನೆ ಎಂದರೆ, ನೀವು ಗ್ಲ್ಯಾಡಿಸಳಿಗಾಗಿ ಬಂದವರು.

1953ರ ‘ಎ ಪಾಕೆಟ್ ಫುಲ್ ಆಫ್ ರೈ’. ಶ್ರೀಮಂತನೊಬ್ಬ ಸತ್ತ, ಅವನ ಹೆಂಡತಿ ಸತ್ತಳು, ಜೊತೆಗೆ ಮನೆಗೆಲಸದ ಹುಡುಗಿಯೂ ಸತ್ತಳು. ಪತ್ರಿಕೆಗಳಿಗೆ ಮೊದಲ ಎರಡು ಸಾವುಗಳು ಸುದ್ದಿ. ಪೊಲೀಸರಿಗೆ ಅವೇ ಒಗಟು. ನೀವು ರೈಲು ಹತ್ತಿದ್ದು ಮೂರನೆಯ ಸಾವಿಗಾಗಿ. ಅನಾಥಾಲಯದಿಂದ ಬಂದ, ಮೂಗು ಕಟ್ಟಿದ ದನಿಯ, ಸಿನಿಮಾದ ಕನಸು ಕಾಣುತ್ತಿದ್ದ ಗ್ಲ್ಯಾಡಿಸಳಿಗೆ ಬಡಿಸುವುದನ್ನೂ ಬೆಳ್ಳಿ ಪಾತ್ರೆ ಒರೆಸುವುದನ್ನೂ ನಿಮ್ಮ ಮನೆಯಲ್ಲೇ ನೀವು ಕಲಿಸಿದ್ದಿರಿ. ಬಟ್ಟೆ ಒಣಹಾಕುವ ತಂತಿಯ ಹತ್ತಿರ ಅವಳ ಹೆಣ ಸಿಕ್ಕಿತು, ಮೂಗಿಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸಲಾಗಿತ್ತು. ಕೊಂದದ್ದಕ್ಕಿಂತ ಆ ಕ್ಲಿಪ್ಪು ನಿಮ್ಮನ್ನು ಕೆರಳಿಸಿತು. ಸತ್ತವಳನ್ನು ಅಷ್ಟು ಹಗುರವಾಗಿ ಕಂಡದ್ದು. ಆ ವಯಸ್ಸಿನಲ್ಲಿ, ಪರಿಚಯವಿಲ್ಲದ ಮನೆಯ ಬಾಗಿಲಿಗೆ ಹೋಗಿ ನಿಂತು, ಅವಳ ಬಗ್ಗೆ ನನಗೆ ಗೊತ್ತು, ಹೇಳಲು ಬಂದಿದ್ದೇನೆ ಎಂದಿರಿ. ನಿಮ್ಮ ಹನ್ನೆರಡು ಕಾದಂಬರಿಗಳಲ್ಲಿ ನನಗೆ ಇದಕ್ಕಿಂತ ದೊಡ್ಡ ಗಳಿಗೆ ಬೇರೆ ಇಲ್ಲ. ಕ್ರಿಸ್ಟಿಯವರ ಪುಸ್ತಕಗಳಲ್ಲಿ ಕೆಲಸದವರು ದಡ್ಡರು, ಪರದೇಶದ ಅಡುಗೆಯವಳು ಸುಳ್ಳುಗಾತಿ ಎಂಬ ಮಾತುಗಳು ಎಷ್ಟೋ ಇವೆ, ಅವನ್ನು ಓದುವಾಗ ನನಗೆ ಕಸಿವಿಸಿಯಾಗುತ್ತದೆ. ಆದರೂ ಅದೇ ಲೇಖಕಿ ನಿಮ್ಮನ್ನು ಆ ಬಾಗಿಲಿಗೆ ಕಳಿಸಿದರು.

ನಿಮ್ಮ ಕಾಲದ ಅತ್ಯಂತ ಹೆಸರಾದ ನಾಟಕದ ಮೂಲವೂ ಇಂಥದ್ದೇ. 1952ರಲ್ಲಿ ಲಂಡನ್ನಿನ ರಂಗಕ್ಕೆ ಬಂದ ‘ದಿ ಮೌಸ್‌ಟ್ರ್ಯಾಪ್’ ಮೊದಲು 1947ರಲ್ಲಿ ರಾಣಿ ಮೇರಿಯ 80ನೆಯ ಹುಟ್ಟುಹಬ್ಬಕ್ಕೆ ಬರೆದ ರೇಡಿಯೋ ನಾಟಕ. ಹಿಮ, ಅತಿಥಿಗೃಹ, ಬೆಂಕಿಗೂಡು ಎಲ್ಲವೂ ಬೆಚ್ಚಗಿದೆ. ಅದರ ಅಡಿಯಲ್ಲಿರುವುದು 1945ರ ಜನವರಿಯಲ್ಲಿ ಶ್ರಾಪ್‌ಶೈರ್‌ನ ಒಂದು ಹೊಲಮನೆಯಲ್ಲಿ ಸತ್ತ 12 ವರ್ಷದ ಬಡ ಹುಡುಗ. ಸಾಕಲೆಂದು ಸ್ಥಳೀಯ ಆಡಳಿತವೇ ಅವನನ್ನು ಆ ಮನೆಗೆ ಕೊಟ್ಟಿತ್ತು. ಹೊಟ್ಟೆಗಿಲ್ಲದೆ, ಹೊಡೆತ ತಿಂದು ಸತ್ತ. ಆ ಸಾವಿನ ವಿಚಾರಣೆ ನಡೆದು, ಅದು 1948ರ ಮಕ್ಕಳ ಕಾಯ್ದೆಗೆ ದಾರಿಯಾಯಿತು. ಬೆಚ್ಚನೆಯ ಕಥೆಗೆ ಬೆಚ್ಚನೆಯ ಸಾವೇ ಬೇಕೆಂದು ವಾದಿಸುವವರಿಗೆ ನಾನು ಈ ಹುಡುಗನನ್ನು ನೆನಪಿಸುತ್ತೇನೆ.

ನಮ್ಮಲ್ಲಿ ಏನಾಯಿತು ಎಂಬುದನ್ನೂ ಹೇಳಬೇಕು. ‘ಮೌಸ್‌ಟ್ರ್ಯಾಪ್’ ಬಂದ ವರ್ಷವೇ, 1952ರಲ್ಲಿ, ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮನ ಸಾಹಸ’ ಬಂತು. ಹೆಚ್ಚು ಶಾಲೆ ಕಾಣದ ಆ ಮನುಷ್ಯ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು, ಓದುವ ಹವ್ಯಾಸವೇ ಇರದ ಮನೆಗಳಿಗೆ ಕನ್ನಡ ಪುಸ್ತಕ ತಲುಪಿಸಿದರು. ಬಸ್ ಸ್ಟ್ಯಾಂಡಿನಲ್ಲಿ ಬಾಡಿಗೆಗೆ ತಂದು, ರಾತ್ರಿ ಓದಿ, ಬೆಳಿಗ್ಗೆ ಹಿಂದಿರುಗಿಸುತ್ತಿದ್ದವರು ಅವರ ಓದುಗರು. ಅವರ ಪುರುಷೋತ್ತಮ, ಮಧುಸೂದನ, ಅರಿಂಜಯರ ಓಟಕ್ಕೆ ಬೇಕಾಗಿದ್ದದ್ದು ನಗರ. ಮಲೆನಾಡಿನ ಹಳ್ಳಿಯ ಸಾವೊಂದನ್ನು ಕನ್ನಡದಲ್ಲಿ ಗಂಭೀರವಾಗಿ ಕೆದಕಿದವರು ಪೂರ್ಣಚಂದ್ರ ತೇಜಸ್ವಿ. 1985ರ ‘ಚಿದಂಬರ ರಹಸ್ಯ’ದಲ್ಲಿ ಅಂಗಾಡಿ ಎಂಬ ಅಧಿಕಾರಿ ಏಲಕ್ಕಿ ವಿಜ್ಞಾನಿ ಜೋಗಿಹಾಳರ ಸಾವಿನ ಜಾಡು ಹಿಡಿದು ಕೆಸರೂರಿಗೆ ಬರುತ್ತಾನೆ. ತೇಜಸ್ವಿ ನಿಮ್ಮ ಹಾಗೆ ಕೊನೆಗೆ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಉತ್ತರ ಹೇಳುವುದಿಲ್ಲ. ಆ ಊರಿನ ರೋಗವನ್ನು ಒಬ್ಬ ಅಪರಾಧಿಯ ತಲೆಗೆ ಕಟ್ಟಲು ಅವರಿಗೆ ಮನಸ್ಸಿರಲಿಲ್ಲ. ಅವರ ಕಾದಂಬರಿ ದೊಡ್ಡದು. ಆದರೂ ನನಗೆ ನಿಮ್ಮ ಬಗೆಯ ಕಥೆಯೂ ಬೇಕು, ಕೊನೆಯ ಅಧ್ಯಾಯದಲ್ಲಿ ಉತ್ತರ ಸಿಗುವಂಥದ್ದು. ಏಕೆಂದರೆ ಅಂಥ ಕಥೆ ಓದುಗರಿಗೆ ಮೊದಲ ಪುಟದಲ್ಲೇ ಒಂದು ಮಾತು ಕೊಡುತ್ತದೆ: ಇಲ್ಲಿ ಸತ್ತವರು ಹೇಗೆ ಸತ್ತರೆಂದು ಕೇಳದೆ ಬಿಡುವುದಿಲ್ಲ. ಚೆಕ್‌ರೋಲಿನ ಆ ಹೆಂಗಸಿಗೆ ಸಿಗದೇ ಹೋದದ್ದು ಈ ಮಾತು.

ಆದ್ದರಿಂದ ಕೊಡಗಿನ ಯುದ್ಧಾನಂತರದ ಕೊಲೆಯ ಕಥೆ ಬರೆಯುವವರಲ್ಲಿ ನನ್ನ ಬೇಡಿಕೆ ಇಷ್ಟು. ಕರ್ನಲ್ ಇರಲಿ, ಕ್ಲಬ್ಬಿರಲಿ, ಪೂಲಿನ ಕಾಫಿ ಕದ್ದು ಮಾರುವ ಸಾಹುಕಾರರಿರಲಿ, ತಕ್ಕಡಿಯ ಜಗಳವಿರಲಿ, ತೋಕ್ ಪೂ ಇರಲಿ. ಮೊದಲ ಹೆಣ ಲೈನ್ ಮನೆಯದಾಗಿರಲಿ. ಬಂಗಲೆಯ ಸಾವಿನ ಸುಳಿವು ಕೊಡುವುದಕ್ಕೆಂದು ಮೂರನೆಯ ಅಧ್ಯಾಯದಲ್ಲಿ ಸತ್ತುಹೋಗುವ ಎರವರ ಹುಡುಗಿಯನ್ನು ನಾನು ಓದಲಾರೆ. ಅವಳು ಕಂಡದ್ದೇನು ಎಂಬುದಷ್ಟೇ ಅಲ್ಲ, ಅವಳು ಯಾರ ಮಗಳು, ಯಾವ ಹಾಡು ಹಾಡುತ್ತಿದ್ದಳು, ಯಾರ ಮೇಲೆ ಮುನಿಸು ಇಟ್ಟುಕೊಂಡಿದ್ದಳು ಎಂಬುದೆಲ್ಲ ನಮಗೆ ತಿಳಿಯಬೇಕು. ಪತ್ತೆ ಮಾಡುವವಳೂ ಬಂಗಲೆಯಿಂದಲೇ ಬರಬೇಕಾಗಿಲ್ಲ. ಮೂವತ್ತು ವರ್ಷ ಒಂದೇ ತೋಟದಲ್ಲಿ ಕಳೆ ಕಿತ್ತು, ಹಣ್ಣು ಕೊಯ್ದು, ಬಂಗಲೆಯ ಮೂರು ತಲೆಮಾರಿನ ಮಕ್ಕಳನ್ನು ಎತ್ತಿ ಆಡಿಸಿದ ಮುದುಕಿಗೆ ನಿಮ್ಮಷ್ಟೇ ಜನರ ಗುಣ ಗೊತ್ತಿರುತ್ತದೆ. ಸೇಂಟ್ ಮೇರಿ ಮೀಡಿನ ಮೀನು ಮಾರುವವನನ್ನು ನೆನೆದು ಕೊಲೆಗಾರನನ್ನು ಹಿಡಿಯುವ ನಿಮ್ಮ ಕ್ರಮ ಅವಳಿಗೆ ಯಾರೂ ಕಲಿಸಬೇಕಾಗಿಲ್ಲ. ಅವಳ ಮಾತನ್ನು ಬರೆದುಕೊಳ್ಳಲು ಒಬ್ಬ ಸಬ್ ಇನ್‌ಸ್ಪೆಕ್ಟರ್ ಜಗಲಿಯಲ್ಲಿ ಕೂರಬೇಕು, ಅಷ್ಟೇ.

ಬರುವುದಾದರೆ ದಾರಿ ಹೇಳುತ್ತೇನೆ. ಕೊಡಗಿಗೆ ಇಂದಿಗೂ ರೈಲಿಲ್ಲ, ಮೈಸೂರಿನಲ್ಲಿ ಇಳಿಯಬೇಕು. ಅಲ್ಲಿಂದ ಹುಣಸೂರಿನ ಮೇಲೆ ಗೋಣಿಕೊಪ್ಪದ ಬಸ್ಸು. ಆನೆಚೌಕೂರು ಕಳೆದು ತಿತಿಮತಿ ದಾಟಿದರೆ ತೋಟಗಳು ಶುರು. ಬಸ್ಸಿಳಿದ ಕೂಡಲೇ ಯಾರಾದರೂ ನಿಮ್ಮನ್ನು ಬಂಗಲೆಗೆ ಕರೆದೊಯ್ದು ಒಳ್ಳೆಯ ಕಾಫಿ ಕೊಡುತ್ತಾರೆ, ಕೊಡಗಿನವರ ಆತಿಥ್ಯದಲ್ಲಿ ಕೊರತೆಯಿರುವುದಿಲ್ಲ. ಕಾಫಿ ಕುಡಿದು, ಕತ್ತಲಾಗುವ ಮೊದಲು ಕಣದ ಹಿಂದಿನ ದಾರಿಯಲ್ಲಿ ಲೈನಿಗೆ ಇಳಿಯಿರಿ. ಹೋಗುವ ಮುಂಚೆ ರೈಟರನ ಹತ್ತಿರ ಆ ಹೆಂಗಸು ಸತ್ತ ವರ್ಷದ ಜುಲೈ ತಿಂಗಳ ಚೆಕ್‌ರೋಲ್ ಕೇಳಿ. ಹಳೆಯದೆಲ್ಲ ಗೆದ್ದಲು ತಿಂದುಹೋಯಿತು ಎನ್ನುತ್ತಾನೆ. ನಂಬಬೇಡಿ. ಹೊಸ ಗೋದಾಮಿನ ಅಟ್ಟದ ಮೇಲೆ, ಗೋಣಿತಾಟಿನ ಕಟ್ಟಿನ ಕೆಳಗೆ ಇದೆ.

ಇಂತಿ,
ನಿಮ್ಮ ಓದುಗ
ದಕ್ಷಿಣ ಕೊಡಗು